ಹಳೆಯ ಕಾರು, ತಂಪು ಗಾಳಿ ಮತ್ತು ಒಂದು ಬೆಲ್ಟ್

ಕಾರಿನ ಎ.ಸಿ. ಎಂದ ಕೂಡಲೇ ಅದು ಉಳ್ಳವರ ಸುಖ, ನಮಗೇಕೆ ಎನ್ನುವವರು ಈಗಲೂ ಇದ್ದಾರೆ. ಆದರೆ ಮನೆಯಲ್ಲಿ ಕಾಯಿಲೆಯವರೊಬ್ಬರಿದ್ದು, ಏಪ್ರಿಲ್ ತಿಂಗಳ ಸುಡುಬಿಸಿಲಿನಲ್ಲಿ ಅವರನ್ನು ದೂರದ ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಬಂದರೆ ಸುಖ ಯಾವುದು, ಅಗತ್ಯ ಯಾವುದು ಎಂಬ ಲೆಕ್ಕವೇ ಬದಲಾಗುತ್ತದೆ. ಹಿಂದಿನ ಸೀಟಿನಲ್ಲಿ ಕಾಯಿಲೆಯವರ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು ಕೂರುವವರು ಹೆಚ್ಚಾಗಿ ನಾವೇ. ಅದೇ ಕಾರಿನ ಬಾನೆಟ್ ಎತ್ತಿದಾಗ ಮಾತ್ರ, ಅದು ಗಂಡಸರ ವಿಷಯ ಎಂದು ನಮ್ಮನ್ನು ದೂರ ನಿಲ್ಲಿಸಲಾಗುತ್ತದೆ. ಇಂದು ಆ ಬಾನೆಟ್ಟಿನ ಒಳಗಿರುವ ಒಂದು ಸಣ್ಣ ವಸ್ತುವಿನ ಬಗ್ಗೆ ನಿಮ್ಮೊಂದಿಗೆ ಮಾತನಾಡಬೇಕೆನಿಸಿದೆ. ಅದು ಎ.ಸಿ.ಯ ಕಂಪ್ರೆಸರನ್ನು ತಿರುಗಿಸುವ ರಬ್ಬರ್ ಬೆಲ್ಟ್. ಜೊತೆಗೆ ಆ ಬೆಲ್ಟ್ ಓಡುವ ಪುಲ್ಲಿಗಳು.

ಈಗಿನ ಕಾರುಗಳು ಕಾರ್ಖಾನೆಯಿಂದ ಹೊರಬರುವಾಗಲೇ ಎ.ಸಿ. ಹೊತ್ತು ಬರುತ್ತವೆ. ಅವುಗಳ ಎಂಜಿನ್, ಪುಲ್ಲಿ, ಬೆಲ್ಟ್ ಎಲ್ಲವನ್ನೂ ಒಂದಕ್ಕೊಂದು ಹೊಂದುವಂತೆ ಮೊದಲೇ ಅಳೆದು ಮಾಡಿರುತ್ತಾರೆ. ನಮ್ಮ ತಂದೆ, ಅಜ್ಜಂದಿರ ಕಾಲದ ಕಾರುಗಳು ಹಾಗಲ್ಲ. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್, ಹಿರಿಯರು ಫಿಯೆಟ್ ಎಂದೇ ಕರೆಯುತ್ತಿದ್ದ ಪ್ರೀಮಿಯರ್ ಪದ್ಮಿನಿ, 1983ರಲ್ಲಿ ಬಂದ ಮಾರುತಿ 800 - ಇವುಗಳಲ್ಲಿ ಬಹುಪಾಲು ಎ.ಸಿ. ಇಲ್ಲದೆಯೇ ಮಾರಾಟವಾದವು. ಆಮೇಲೆ ಬೇಕೆನಿಸಿದವರು ಗ್ಯಾರೇಜಿನಲ್ಲಿ ಕೂರಿಸಿಕೊಂಡರು. ಹೀಗೆ ಕೂರಿಸುವಾಗ ಕಂಪ್ರೆಸರ್ ಹೊಸದೋ ಹಳೆಯದೋ, ಗ್ಯಾಸ್ ಎಷ್ಟು ತುಂಬಿದರು, ಒಟ್ಟು ಎಷ್ಟಾಯಿತು ಎಂದು ಎಲ್ಲರೂ ಕೇಳುತ್ತಾರೆ. ಬೆಲ್ಟ್ ಸಾಲಾಗಿ ಕೂತಿದೆಯೇ ಎಂದು ಕೇಳುವವರು ಕಡಿಮೆ.

ನಮ್ಮ ಮನೆಯಲ್ಲಿದ್ದದ್ದು ಮಾವನವರ ಕಾಲದ ಡೀಸೆಲ್ ಅಂಬಾಸಿಡರ್. 1994ರ ಮಾದರಿ. ಉಪ್ಪಿನಂಗಡಿಯ ಒಳಗಿನ ಹಳ್ಳಿ ನಮ್ಮದು. ಮದುವೆ, ಬಾಣಂತನ, ಆಸ್ಪತ್ರೆ ಎಂದು ಇಡೀ ಊರಿಗೆ ಓಡಿದ ಗಾಡಿ ಅದು. ಮಾವನವರು ತೀರಿಕೊಂಡ ಮೇಲೂ ಅತ್ತೆ ಅದನ್ನು ಮಾರಲು ಬಿಡಲಿಲ್ಲ. ಮೈದುನ ಓಡಿಸುತ್ತಿದ್ದ. ನಮ್ಮೆಜಮಾನರು ಆಗ ಸೌದಿಯ ದಮ್ಮಾಮಿನಲ್ಲಿ ಕಾರಿನ ಎ.ಸಿ. ರಿಪೇರಿಯ ಕೆಲಸದಲ್ಲಿದ್ದರು.

2016ರ ಕೊನೆಗೆ ಅತ್ತೆಯ ಎರಡೂ ಕಿಡ್ನಿಗಳು ಸೋತವು. ವಾರಕ್ಕೆರಡು ಸಲ ಮಂಗಳೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕಿತ್ತು. ಹೋಗಲು ಐವತ್ತು ಕಿಲೋಮೀಟರಿಗೂ ಹೆಚ್ಚು, ಬರಲು ಅಷ್ಟೇ. ನಡುವೆ ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗಬೇಕು. ಡಯಾಲಿಸಿಸ್ ಮಾಡಿಸುವವರು ಮನೆಯಲ್ಲಿದ್ದರೆ ನಿಮಗೆ ಗೊತ್ತಿರುತ್ತದೆ, ಅವರಿಗೆ ನೀರು ಕೂಡ ಅಳತೆಯಲ್ಲೇ ಕೊಡಬೇಕು. ಕುಡಿದ ನೀರನ್ನು ಹೊರಹಾಕುವ ಶಕ್ತಿ ದೇಹಕ್ಕಿರುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಕಾದ ಕಾರಿನೊಳಗೆ ಕೂತರೆ ಬಾಯಿ ಒಣಗುತ್ತದೆ, ಬಾಯಿ ಒಣಗಿದರೂ ಕುಡಿಯುವಂತಿಲ್ಲ. ಕಿಟಕಿ ತೆರೆದರೆ ಹೆದ್ದಾರಿಯ ಧೂಳು, ಮುಚ್ಚಿದರೆ ಬೆವರು. ಒದ್ದೆ ಬಟ್ಟೆಯಲ್ಲಿ ತುಟಿ ಒರೆಸುತ್ತಾ ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಹೊಸ ಕಾರು ಕೊಳ್ಳುವ ಸ್ಥಿತಿ ನಮ್ಮದಾಗಿರಲಿಲ್ಲ. ಹಾಗಾಗಿ 2017ರ ಫೆಬ್ರವರಿಯಲ್ಲಿ ಇದ್ದ ಗಾಡಿಗೇ ಎ.ಸಿ. ಹಾಕಿಸುವುದೆಂದು ಮನೆಯಲ್ಲಿ ತೀರ್ಮಾನವಾಯಿತು.

ಮುಂದೆ ಏನಾಯಿತೆಂದು ಹೇಳುವ ಮೊದಲು ಈ ಬೆಲ್ಟ್ ಮಾಡುವ ಕೆಲಸವನ್ನು ಸ್ವಲ್ಪ ತಿಳಿಸಿಬಿಡುತ್ತೇನೆ. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ನಮ್ಮಲ್ಲಿ ಹಲವರ ಮನೆಯಲ್ಲಿದೆ. ಕೆಳಗಿನ ದೊಡ್ಡ ಚಕ್ರದಿಂದ ಮೇಲಿನ ಸಣ್ಣ ಚಕ್ರಕ್ಕೆ ಒಂದು ಚರ್ಮದ ಬೆಲ್ಟ್ ಹೋಗಿರುತ್ತದಲ್ಲವೇ? ಕೆಳಗಿನ ಚಕ್ರ ಒಂದು ಸುತ್ತು ತಿರುಗಿದರೆ ಮೇಲಿನದು ಹಲವು ಸುತ್ತು ತಿರುಗುತ್ತದೆ. ಬೆಲ್ಟ್ ಸಡಿಲವಾದರೆ ಎಷ್ಟು ತುಳಿದರೂ ಸೂಜಿ ಸರಿಯಾಗಿ ಏಳುವುದಿಲ್ಲ. ತೀರಾ ಬಿಗಿಯಾದರೆ ಕಾಲು ನೋಯುತ್ತದೆ. ಕಾರಿನಲ್ಲೂ ಇದೇ ಲೆಕ್ಕ. ಎಂಜಿನ್ನಿನ ಮುಂಭಾಗದಲ್ಲಿ ಅದರ ಮುಖ್ಯ ದಂಡಕ್ಕೆ ಒಂದು ಪುಲ್ಲಿ ಇರುತ್ತದೆ. ಅಲ್ಲಿಂದ ಒಂದು ಬೆಲ್ಟ್ ಹೊರಟು ಕಂಪ್ರೆಸರಿನ ಪುಲ್ಲಿಯನ್ನು ತಿರುಗಿಸುತ್ತದೆ. ಎಂಜಿನ್ನಿನ ಪುಲ್ಲಿ 15 ಸೆಂಟಿಮೀಟರ್, ಕಂಪ್ರೆಸರಿನದು 12.5 ಸೆಂಟಿಮೀಟರ್ ಅಗಲವಿದ್ದರೆ, ಎಂಜಿನ್ 1000 ಸುತ್ತು ಹಾಕುವಾಗ ಕಂಪ್ರೆಸರ್ 1200 ಸುತ್ತು ಹಾಕುತ್ತದೆ. ಕಂಪ್ರೆಸರ್ ಗ್ಯಾಸನ್ನು ಒತ್ತಿ ಕಳಿಸುತ್ತದೆ. ಕಾರಿನ ಮೂತಿಯಲ್ಲಿರುವ ಜಾಲರಿಯಲ್ಲಿ ಅದು ತನ್ನ ಬಿಸಿಯನ್ನು ಬಿಟ್ಟು, ಒಳಗಿನ ಜಾಲರಿಗೆ ಬಂದು ಅಲ್ಲಿಯ ಬಿಸಿಯನ್ನು ಹೀರುತ್ತದೆ. ನಮ್ಮ ಮುಖಕ್ಕೆ ಬೀಸುವ ತಂಪು ಅದೇ.

ಎ.ಸಿ. ಹಾಕದಿದ್ದಾಗಲೂ ಬೆಲ್ಟ್ ಓಡುತ್ತಲೇ ಇರುತ್ತದೆ. ಕಂಪ್ರೆಸರಿನ ಪುಲ್ಲಿ ತನ್ನ ಬೇರಿಂಗಿನ ಮೇಲೆ ಸುಮ್ಮನೆ ಸುತ್ತುತ್ತಿರುತ್ತದೆ. ನಾವು ಗುಂಡಿ ಒತ್ತಿದಾಗ ಅಲ್ಲಿರುವ ವಿದ್ಯುತ್ ಅಯಸ್ಕಾಂತ ಒಂದು ತಟ್ಟೆಯನ್ನು ಎಳೆದುಕೊಂಡು ಪುಲ್ಲಿಗೆ ಅಂಟಿಸುತ್ತದೆ. ಆಗ 'ಟಕ್' ಎಂಬ ಸದ್ದು ಕೇಳುತ್ತದೆ. ಆ ಕ್ಷಣದಿಂದ ಕಂಪ್ರೆಸರಿನ ಭಾರವೆಲ್ಲ ಬೆಲ್ಟಿನ ಮೇಲೆ. ಇದಕ್ಕೆ ಮ್ಯಾಗ್ನೆಟ್ ಕ್ಲಚ್ ಎನ್ನುತ್ತಾರೆ. ಕಾರ್ಖಾನೆಯಲ್ಲೇ ಎ.ಸಿ. ಹಾಕಿಸಿಕೊಳ್ಳುವ ಅವಕಾಶವನ್ನು ಮೊದಲು ಕೊಟ್ಟದ್ದು ಅಮೆರಿಕದ ಪ್ಯಾಕರ್ಡ್ ಕಾರು, 1939ರಲ್ಲಿ. ಅದರಲ್ಲಿ ಈ ಕ್ಲಚ್ ಇರಲಿಲ್ಲ. ಎ.ಸಿ. ಬೇಡವೆನಿಸಿದರೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಬಾನೆಟ್ ಎತ್ತಿ ಬೆಲ್ಟನ್ನೇ ಕಳಚಬೇಕಿತ್ತಂತೆ!

ಈಗ ನಮ್ಮ ಕಥೆಗೆ ಬರೋಣ. ಗ್ಯಾರೇಜಿನವರು ಒಂದು ವಾರದಲ್ಲಿ ಕೆಲಸ ಮುಗಿಸಿ ಕೊಟ್ಟರು. ತಂಪು ಚೆನ್ನಾಗಿಯೇ ಬರುತ್ತಿತ್ತು. ಎರಡನೇ ವಾರದಿಂದ ಎ.ಸಿ. ಹಾಕಿದೊಡನೆ 'ಕೀಂ' ಎಂಬ ಕೂಗು ಶುರುವಾಯಿತು. ಮೈದುನ ಹೋಗಿ ಕೇಳಿದರೆ, ಹೊಸ ಬೆಲ್ಟ್ ಕೂಗುವುದು ಸಹಜವೆಂದು ಹೇಳಿ ಅದಕ್ಕೆ ಸಾಬೂನು ಉಜ್ಜಿ ಕಳಿಸಿದರು. ಎರಡು ದಿನ ಸುಮ್ಮನಿದ್ದು ಮತ್ತೆ ಕೂಗತೊಡಗಿತು. ಈ ಬಾರಿ ಇನ್ನಷ್ಟು ಬಿಗಿ ಮಾಡಿ ಕಳಿಸಿದರು.

ಏಪ್ರಿಲಿನ ಒಂದು ಮಧ್ಯಾಹ್ನ ಡಯಾಲಿಸಿಸ್ ಮುಗಿಸಿ ಬರುವಾಗ ಕಲ್ಲಡ್ಕ ದಾಟಿದ ಮೇಲೆ ಬಾನೆಟ್ಟಿನ ಒಳಗೆ ಚಾಟಿ ಬೀಸಿದಂಥ ಸದ್ದಾಯಿತು. ತಂಪು ನಿಂತಿತು. ಹಿಂದೆಯೇ ಚಾರ್ಜಿನ ಕೆಂಪು ದೀಪ ಹೊತ್ತಿಕೊಂಡು, ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ಮೈದುನ ತಕ್ಷಣ ಗಾಡಿ ನಿಲ್ಲಿಸಿದ. ಎ.ಸಿ. ಬೆಲ್ಟ್ ಹರಿದಿತ್ತು. ಹರಿದ ತುಂಡು ಪಕ್ಕದ ಫ್ಯಾನ್ ಬೆಲ್ಟಿಗೆ ಸುತ್ತಿಕೊಂಡು ಅದನ್ನೂ ಎಳೆದು ಹಾಕಿತ್ತು. ಅಂಬಾಸಿಡರಿನಲ್ಲಿ ರೇಡಿಯೇಟರಿನ ಫ್ಯಾನ್, ನೀರಿನ ಪಂಪು, ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಮೂರೂ ಆ ಒಂದೇ ಬೆಲ್ಟಿನಲ್ಲಿ ಓಡುತ್ತವೆ. ಅದು ಹೋದರೆ ಎಂಜಿನ್ನಿನ ನೀರು ಕುದಿಯುತ್ತದೆ. ಹಠ ಹಿಡಿದು ಓಡಿಸಿದರೆ ಎಂಜಿನ್ನೇ ಸುಟ್ಟುಹೋಗುತ್ತದೆ.

ಅತ್ತೆಯ ಕೈಯಲ್ಲಿ ಸೂಜಿ ಚುಚ್ಚಿದ ಜಾಗಕ್ಕೆ ಕಟ್ಟಿದ ಬಟ್ಟೆ ಇನ್ನೂ ಬಿಚ್ಚಿರಲಿಲ್ಲ. ಡಯಾಲಿಸಿಸ್ ಆದ ದಿನ ಅವರಿಗೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತಿತ್ತು. ಹತ್ತಿರದ ಅಂಗಡಿಯ ಜಗಲಿಯಲ್ಲಿ ಅವರನ್ನು ಮಲಗಿಸಿ ಸೆರಗಿನಿಂದ ಗಾಳಿ ಹಾಕಿದೆ. ಬೇರೆ ವಾಹನ ಸಿಗಲು ಒಂದೂಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತು ಒಂದು ದೂರನ್ನೂ ಹೇಳದ ಅವರು ಗಾಡಿ ಹತ್ತುವಾಗ ಹೇಳಿದ್ದು ಇಷ್ಟೇ: "ಮಗಳೇ, ತಂಪು ಇಲ್ಲದಿದ್ದರೂ ಪರವಾಗಿಲ್ಲ. ಗಾಡಿ ನಡುದಾರಿಯಲ್ಲಿ ನಿಲ್ಲಬಾರದು."

ಆ ರಾತ್ರಿ ಯಜಮಾನರು ಫೋನ್ ಮಾಡಿದಾಗ ಎಲ್ಲವನ್ನೂ ಹೇಳಿದೆ. ಅವರು ಮೊದಲು ಕೇಳಿದ್ದು, ಹರಿದ ಬೆಲ್ಟ್ ಇಟ್ಟುಕೊಂಡಿದ್ದೀಯಾ ಎಂದು. ತಂದು ದೀಪದ ಕೆಳಗೆ ಹಿಡಿದು ನೋಡಿದೆ. ಬೆಲ್ಟಿನ ಒಂದು ಬದಿ ಕನ್ನಡಿಯಂತೆ ಹೊಳೆದು ನೂಲೆದ್ದಿತ್ತು, ಇನ್ನೊಂದು ಬದಿ ಹೊಸದರಂತೆಯೇ ಇತ್ತು. "ಹಾಗಾದರೆ ಬೆಲ್ಟಿನ ತಪ್ಪಲ್ಲ, ಪುಲ್ಲಿಗಳ ಸಾಲು ತಪ್ಪಿದೆ. ಬೆಳಿಗ್ಗೆ ನೂಲು ಹಿಡಿದು ನೋಡು. ನಿನಗೆ ನೂಲು ಹಿಡಿಯಲು ಬೇರೆ ಹೇಳಿಕೊಡಬೇಕೇ?" ಎಂದರು. ನಾನು ಊರಿನವರ ಬಟ್ಟೆ ಹೊಲಿಯುತ್ತೇನೆಂದು ಅವರು ಹಾಗೆ ಹೇಳಿದ್ದು.

ಸಹೋದರಿಯರೇ, ಈ ನೂಲಿನ ಪರೀಕ್ಷೆ ಬಹಳ ಸುಲಭ. ಎಂಜಿನ್ ಆರಿಸಿ ಕೀಲಿ ಕೈಯಲ್ಲಿಟ್ಟುಕೊಂಡು, ಎಂಜಿನ್ನಿನ ಪುಲ್ಲಿಯ ಮುಖದಿಂದ ಕಂಪ್ರೆಸರಿನ ಪುಲ್ಲಿಯ ಮುಖಕ್ಕೆ ಒಂದು ನೂಲನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಎರಡೂ ಪುಲ್ಲಿಗಳ ಅಂಚಿನ ದಪ್ಪ ಒಂದೇ ಆಗಿದ್ದು, ಸಾಲು ನೇರವಾಗಿದ್ದರೆ, ನೂಲು ಮೊದಲ ಪುಲ್ಲಿಯ ಎರಡು ಅಂಚು, ಎರಡನೆಯದರ ಎರಡು ಅಂಚು, ಹೀಗೆ ನಾಲ್ಕು ಕಡೆ ತಾಗುತ್ತದೆ. ಎಲ್ಲಾದರೂ ಒಂದು ಕಡೆ ಬೆಳಕು ಕಂಡರೆ ಅಷ್ಟು ಸೊಟ್ಟಗಿದೆ ಎಂದರ್ಥ. ಒಂದು ಅಡಿ ದೂರಕ್ಕೆ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚಿನ ಸೊಟ್ಟವನ್ನು ಒಳ್ಳೆಯ ಮೆಕ್ಯಾನಿಕ್ ಬಿಡುವುದಿಲ್ಲ. ನಮ್ಮ ಗಾಡಿಯಲ್ಲಿ ಎರಡು ನಾಣ್ಯ ಪೇರಿಸಿ ತೂರಿಸುವಷ್ಟು ಸಂದಿ ಇತ್ತು.

ಕಾರಣವೂ ಕಣ್ಣಿಗೆ ಬಿತ್ತು. ಎ.ಸಿ. ಇಲ್ಲದ ಅಂಬಾಸಿಡರಿನ ಎಂಜಿನ್ ಪುಲ್ಲಿಗೆ ಇರುವುದು ಒಂದೇ ಗಾಡಿ, ಅಂದರೆ ಬೆಲ್ಟ್ ಕೂರುವ ಒಂದೇ ಸಾಲು. ಎರಡನೇ ಬೆಲ್ಟಿಗೆ ಜಾಗ ಮಾಡಲು ಹಳೆಯ ಪುಲ್ಲಿಯ ಮುಂದೆ ಇನ್ನೊಂದನ್ನು ಬೋಲ್ಟ್ ಹಾಕಿ ಕೂರಿಸಿದ್ದರು. ಅದು ತಿರುಗುವಾಗ ತುಸು ಓಲಾಡುತ್ತಿತ್ತು. ಕಂಪ್ರೆಸರನ್ನು ಹಿಡಿದಿದ್ದ ಬ್ರಾಕೆಟ್ ತೆಳ್ಳಗಿನ ಪಟ್ಟಿಯದು. ಬೆಲ್ಟನ್ನು ಬಿಗಿ ಮಾಡಿದಾಗಲೆಲ್ಲ ಅದು ಎಂಜಿನ್ನಿನ ಕಡೆಗೆ ಬಾಗಿ ಸಾಲು ಇನ್ನಷ್ಟು ತಪ್ಪುತ್ತಿತ್ತು. ಹೀಗೆ ಬಿಗಿ ಮಾಡಿದಷ್ಟೂ ಬೆಲ್ಟ್ ಬೇಗ ಸವೆಯುತ್ತಿತ್ತು.

ಪೇಟೆಯಲ್ಲಿ ಲೇತ್ ಅಂಗಡಿ ಇಟ್ಟಿರುವ ಹಿರಿಯರೊಬ್ಬರ ಬಳಿಗೆ ಮೈದುನ ಮತ್ತು ನಾನು ಹೋದೆವು. ಯಜಮಾನರು ಫೋನಿನಲ್ಲೇ ಅವರೊಂದಿಗೆ ಮಾತಾಡಿದರು. ಎರಡು ಗಾಡಿಗಳ ಪುಲ್ಲಿಯನ್ನು ಒಂದೇ ತುಂಡು ಕಬ್ಬಿಣದಲ್ಲಿ ಕಡೆಯುವುದು, ಬ್ರಾಕೆಟನ್ನು ದಪ್ಪ ತಗಡಿನಲ್ಲಿ ಮಾಡಿ ಎಂಜಿನ್ನಿಗೆ ಮೂರು ಕಡೆ ಬೋಲ್ಟ್ ಹಾಕುವುದು, ಬೆಲ್ಟ್ ಬಿಗಿ ಮಾಡಲು ಬೇರೆಯೇ ಒಂದು ಸಣ್ಣ ಪುಲ್ಲಿ ಇಡುವುದು ಎಂದು ಗೊತ್ತಾಯಿತು. ಇಂಥ ಪುಲ್ಲಿಯನ್ನು ಟೆನ್ಶನರ್ ಎನ್ನುತ್ತಾರೆ. ಅದಿದ್ದರೆ ಕಂಪ್ರೆಸರನ್ನು ಅದರ ಜಾಗದಿಂದ ಅಲುಗಿಸದೆ ಬೆಲ್ಟನ್ನು ಬಿಗಿ, ಸಡಿಲ ಮಾಡಬಹುದು. ಎಲ್ಲ ಕೂರಿಸಿದ ಮೇಲೆ ನೂಲಿನ ಒಂದು ತುದಿ ಆ ಹಿರಿಯರ ಕೈಯಲ್ಲಿತ್ತು, ಇನ್ನೊಂದು ತುದಿ ನನ್ನ ಕೈಯಲ್ಲಿ. ಎರಡು ತೆಳ್ಳಗಿನ ವಾಷರ್ ಸೇರಿಸಿದಾಗ ನೂಲು ನಾಲ್ಕೂ ಕಡೆ ತಾಗಿತು.

ಬೆಲ್ಟಿನ ಬಗ್ಗೆ ಆ ಹಿರಿಯರು ಅಂದು ಹೇಳಿಕೊಟ್ಟದ್ದು ನೆನಪಿಡುವಂಥದ್ದು. ಹಳೆಯ ಕಾರುಗಳ ಬೆಲ್ಟನ್ನು ಅಡ್ಡ ಕತ್ತರಿಸಿ ನೋಡಿದರೆ ಮೇಲೆ ಅಗಲ, ಕೆಳಗೆ ಕಿರಿದು. ಪುಲ್ಲಿಯ ಗಾಡಿಯೂ ಹಾಗೆಯೇ. ಬೆಲ್ಟ್ ಹಿಡಿಯುವುದು ಎರಡು ಬದಿಗಳಿಂದ, ತಳದಿಂದಲ್ಲ. ಗಾಡಿಯ ತಳಕ್ಕೆ ಬೆಲ್ಟ್ ತಾಗಿ ಅಲ್ಲಿ ಹೊಳಪು ಬಂದಿದ್ದರೆ ಬೆಲ್ಟೋ ಗಾಡಿಯೋ ಸವೆದಿದೆ, ಇಲ್ಲವೇ ಅಳತೆ ತಪ್ಪಿದೆ. ಅಂಥ ಬೆಲ್ಟನ್ನು ಎಷ್ಟು ಬಿಗಿ ಮಾಡಿದರೂ ಜಾರುತ್ತದೆ. ಇನ್ನು ಬಿಗಿಯ ಅಳತೆಗೆ ಯಂತ್ರ ಬೇಡ, ಹೆಬ್ಬೆರಳು ಸಾಕು. ಎರಡು ಪುಲ್ಲಿಗಳ ನಡುವಿನ ಅತಿ ಉದ್ದದ ಭಾಗದ ಮಧ್ಯೆ ಗಟ್ಟಿಯಾಗಿ ಒತ್ತಿದರೆ ಸುಮಾರು ಅರ್ಧ ಇಂಚು ಒಳಹೋಗಬೇಕು. ಅದಕ್ಕಿಂತ ಹೆಚ್ಚು ಹೋದರೆ ಜಾರಿ ಕೂಗುತ್ತದೆ, ಬಿಸಿಯಾಗಿ ಸುಡುತ್ತದೆ. ಒಳಗೆ ಹೋಗದಷ್ಟು ಬಿಗಿಯಾದರೆ ಬೆಲ್ಟ್ ಸುಮ್ಮನಿರುತ್ತದೆ, ಆದರೆ ಕಂಪ್ರೆಸರಿನ ಬೇರಿಂಗ್ ಒಳಗೊಳಗೇ ಸವೆಯುತ್ತದೆ. ಸದ್ದು ಅಡಗಿದ ಮಾತ್ರಕ್ಕೆ ಎಲ್ಲವೂ ಸರಿಯಾಯಿತು ಎಂದು ತಿಳಿಯಬಾರದು. ಹೊಸ ಬೆಲ್ಟ್ ಮೊದಲ ಕೆಲವು ದಿನಗಳಲ್ಲಿ ಸ್ವಲ್ಪ ಹಿಗ್ಗಿ ಗಾಡಿಯಲ್ಲಿ ಕೂರುತ್ತದೆ. ಆದ್ದರಿಂದ ಒಂದು ವಾರದ ನಂತರ ಮತ್ತೊಮ್ಮೆ ಒತ್ತಿ ನೋಡಲೇಬೇಕು. ಸಾಬೂನು, ಎಣ್ಣೆ, ಮೇಣ ಯಾವುದನ್ನೂ ಉಜ್ಜಬಾರದು. ಎಣ್ಣೆ ತಾಗಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಎ.ಸಿ. ಎಂಬುದು ಎಂಜಿನ್ನಿಗೆ ಹೊರೆ ಎಂಬುದನ್ನೂ ಮರೆಯಬಾರದು. ಮಾರುತಿ 800ರ ಹಳೆಯ ಎಂಜಿನ್ನಿನ ಒಟ್ಟು ಬಲವೇ 37 ಅಶ್ವಶಕ್ತಿ. ನಮ್ಮ ಡೀಸೆಲ್ ಅಂಬಾಸಿಡರ್ ಕೂಡ ಅದರ ಆಸುಪಾಸಿನದ್ದೇ. ಅದರಲ್ಲಿ ಕೆಲವು ಅಶ್ವಶಕ್ತಿಯನ್ನು ಕಂಪ್ರೆಸರ್ ಕಿತ್ತುಕೊಂಡರೆ ಏರುದಾರಿಯಲ್ಲಿ ಗಾಡಿ ಏದುಸಿರು ಬಿಡುವುದು ಸಹಜ. ದೊಡ್ಡ ಏರಿನಲ್ಲಿ ಎರಡು ನಿಮಿಷ ಎ.ಸಿ. ಆರಿಸಿದರೆ ಒಳಗಿನ ತಂಪು ಹೋಗಿಬಿಡುವುದಿಲ್ಲ. ಎಂಜಿನ್ ಚಾಲೂ ಮಾಡುವಾಗಲೂ ಎ.ಸಿ. ಆರಿಸಿರಬೇಕು. ರೇಡಿಯೇಟರಿನ ಮುಂದೆ ಇನ್ನೊಂದು ಬಿಸಿ ಜಾಲರಿ ಬಂದು ಕೂರುವುದರಿಂದ ಅಲ್ಲಿಗೆ ವಿದ್ಯುತ್ತಿನ ಒಂದು ಹೆಚ್ಚುವರಿ ಫ್ಯಾನ್ ಬೇಕು. ಅದನ್ನು ಹಾಕದೆ ಹಣ ಉಳಿಸಿದರೆ ಆ ಹಣ ಎಂಜಿನ್ ರಿಪೇರಿಗೆ ಹೋಗುತ್ತದೆ. ಗ್ಯಾಸಿನ ವಿಷಯವೂ ಇದೆ. ತೀರಾ ಹಳೆಯ ಎ.ಸಿ.ಗಳಲ್ಲಿ ಆರ್-12 ಎಂಬ ಗ್ಯಾಸ್ ಇತ್ತು. ಅದು ಓಝೋನ್ ಪದರವನ್ನು ತಿನ್ನುತ್ತದೆ ಎಂದು 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಂತ ಹಂತವಾಗಿ ನಿಲ್ಲಿಸಿದರು. ಅದರ ಬದಲು ಬಂದ ಆರ್-134ಎ ಗ್ಯಾಸಿಗೆ ಬೇರೆಯೇ ಎಣ್ಣೆ ಬೇಕು. ಹಳೆಯ ಕಂಪ್ರೆಸರಿಗೆ ಎಣ್ಣೆ ಬದಲಿಸದೆ ಹೊಸ ಗ್ಯಾಸ್ ತುಂಬಿದರೆ ಅದು ಬಿಗಿದುಕೊಳ್ಳುತ್ತದೆ. ಬಿಗಿದುಕೊಂಡ ಕಂಪ್ರೆಸರ್ ಮೊದಲು ಹರಿಯುವುದು ಬೆಲ್ಟನ್ನೇ.

2018ರಲ್ಲಿ ಯಜಮಾನರು ಕೆಲಸ ಬಿಟ್ಟು ಊರಿಗೆ ಮರಳಿದರು. ಈಗ ಇಲ್ಲೇ ಕಾರಿನ ಎ.ಸಿ. ಕೆಲಸ ಮಾಡುತ್ತಾರೆ. ಹಳೆಯ ಗಾಡಿ ತಂದವರಿಗೆ ಗ್ಯಾಸಿನ ಮಾತಿಗೆ ಮೊದಲು ನೂಲು ಹಿಡಿದು ತೋರಿಸುತ್ತಾರೆ. ಅತ್ತೆ 2019ರ ಮಳೆಗಾಲದಲ್ಲಿ ನಮ್ಮನ್ನಗಲಿದರು. ಪುಲ್ಲಿ ಬದಲಿಸಿದ ಮೇಲೆ ಎರಡು ವರ್ಷ, ವಾರಕ್ಕೆರಡು ಸಲ ಆ ಗಾಡಿ ಅವರನ್ನು ಮಂಗಳೂರಿಗೆ ಕರೆದೊಯ್ದು ತಂದಿತು. ಬರುವ ದಾರಿಯಲ್ಲಿ ಬಿ.ಸಿ. ರೋಡ್ ತಲುಪುವ ಮೊದಲೇ ಅವರಿಗೆ ನಿದ್ದೆ ಹತ್ತುತ್ತಿತ್ತು. ನೀರು ಕೇಳುವುದು ಕಡಿಮೆಯಾಗಿತ್ತು. ನಡುವೆ ಒಮ್ಮೆ ಎ.ಸಿ. ಬೆಲ್ಟ್ ಸವೆದು ಬದಲಿಸಬೇಕಾಯಿತು. ಅದು ಬಿಟ್ಟರೆ ಗಾಡಿ ದಾರಿಯಲ್ಲಿ ನಿಲ್ಲಲಿಲ್ಲ.

ನಿಮ್ಮ ಮನೆಯ ಹಳೆಯ ಕಾರಿಗೆ ಎ.ಸಿ. ಹಾಕಿಸುವ ಮಾತು ಬಂದರೆ ಕೆಲವನ್ನು ಕೇಳಿ ತಿಳಿದುಕೊಳ್ಳಿ. ಎಂಜಿನ್ನಿನ ಪುಲ್ಲಿ ಒಂದೇ ತುಂಡೋ, ಜೋಡಿಸಿದ್ದೋ? ಬೆಲ್ಟ್ ಬಿಗಿ ಮಾಡುವ ವ್ಯವಸ್ಥೆ ಎಲ್ಲಿದೆ? ಎ.ಸಿ. ಬೆಲ್ಟ್ ಹರಿದರೆ ಫ್ಯಾನ್ ಬೆಲ್ಟಿಗೆ ತೊಂದರೆಯಾಗದಂತೆ ಸಾಲುಗಳ ನಡುವೆ ಅಂತರವಿದೆಯೇ? ಒಂದು ವಾರ ಬಿಟ್ಟು ತಂದರೆ ಮತ್ತೆ ನೋಡಿಕೊಡುತ್ತಾರೆಯೇ? ಎರಡೂ ಅಳತೆಯ ಒಂದೊಂದು ಬೆಲ್ಟ್ ಮತ್ತು ಅದಕ್ಕೆ ಬೇಕಾದ ಸ್ಪ್ಯಾನರನ್ನು ಡಿಕ್ಕಿಯಲ್ಲಿಡಲು ಹೇಳಿ. ಓಡುವಾಗ ಕೂಗು ಕೇಳಿದರೆ, ಸುಟ್ಟ ರಬ್ಬರಿನ ವಾಸನೆ ಬಂದರೆ, ಎ.ಸಿ. ಆರಿಸಿ ಗಾಡಿ ನಿಲ್ಲಿಸಿ ನೋಡುವಂತೆ ಹೇಳಲು ಹಿಂಜರಿಯಬೇಡಿ. ಹಿಂದಿನ ಸೀಟಿನಲ್ಲಿರುವ ನಮ್ಮ ಮೂಗಿಗೆ, ಕಿವಿಗೆ ಅದು ಮೊದಲು ತಿಳಿಯುವುದೂ ಉಂಟು.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಎಂಜಿನ್ ಓಡುತ್ತಿರುವಾಗ ಬಾನೆಟ್ಟಿನ ಹತ್ತಿರ ಸೆರಗು, ದುಪಟ್ಟಾ, ಬುರ್ಖಾದ ಅಗಲ ತೋಳು, ಬಿಚ್ಚಿದ ಜಡೆ ಯಾವುದೂ ಸುಳಿಯಬಾರದು. ಮಕ್ಕಳನ್ನಂತೂ ಹತ್ತಿರ ಬಿಡಲೇಬೇಡಿ. ಬೆಲ್ಟ್ ಮತ್ತು ಪುಲ್ಲಿಯ ನಡುವೆ ಸಿಕ್ಕಿದ ಬಟ್ಟೆಯನ್ನು ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ. ವಿದ್ಯುತ್ ಫ್ಯಾನ್ ಎಂಜಿನ್ ಆರಿಸಿದ ಮೇಲೂ ತಾನಾಗಿ ತಿರುಗಬಹುದು. ಎಂಜಿನ್ ಆರಿಸಿ, ಕೀಲಿ ತೆಗೆದು, ಬಿಸಿ ಆರುವವರೆಗೆ ಕಾಯಿರಿ. ಆಮೇಲೆ ಹತ್ತಿರ ಹೋಗಿ ಹೆಬ್ಬೆರಳಿನಿಂದ ಒತ್ತಿ ನೋಡಿ. ಅರ್ಧ ಇಂಚು ಒಳಹೋದರೆ ನಿಶ್ಚಿಂತೆಯಿಂದ ಹೊರಡಿ.